ಮೊದಲು ರೊಟ್ಟಿ, ಆಮೇಲೆ ಉಪದೇಶ



ಕಳೆದ ವರ್ಷ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಶಿಕ್ಷಕಿಯೊಬ್ಬರು ನನಗಾಗಿ ಕಾದು ನಿಂತಿದ್ದರು. "ಫಾದರ್, ನಾಳೆ ಸೋಮವಾರ ಎಂದು ನೆನೆದರೇ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ನಿದ್ದೆಯೇ ಇಲ್ಲ" ಎಂದರು. ನಾನು ಅವಸರದಲ್ಲಿದ್ದೆ. "ಜಪಸರ ಬಿಡಬೇಡಿಮ್ಮಾ, ಎಲ್ಲಾ ಸರಿಹೋಗುತ್ತದೆ" ಎಂದು ಹೇಳಿ ನಡೆದುಬಿಟ್ಟೆ. ಆಕೆ ದುಡಿಯುವುದು ನಮ್ಮ ಧರ್ಮಕೇಂದ್ರದ ಶಾಲೆಯಲ್ಲೇ. ಅದರ ಸಂಚಾಲಕ ನಾನೇ. ಆಕೆ ಬಂದದ್ದು ಗುರುವಿನ ಬಳಿಗಷ್ಟೇ ಅಲ್ಲ, ಹೊರೆ ಹೊರಿಸಿದವನ ಬಳಿಗೂ ಎಂಬುದು ನನಗೆ ಹೊಳೆದದ್ದು ತಡವಾಗಿ.

ಖಾಸಗಿ ಶಾಲೆಯ ಕೆಲಸವೆಂದರೆ ಒಂಬತ್ತರಿಂದ ನಾಲ್ಕು, ಮೇಲೆ ಬೇಸಿಗೆ ರಜೆ ಎಂದುಕೊಳ್ಳುವವರಿದ್ದಾರೆ. ನಾಲ್ಕರ ನಂತರ ನೋಟ್ಸ್ ತಿದ್ದಬೇಕು, ಪಾಠಯೋಜನೆ ಬರೆಯಬೇಕು, ಪೋಷಕರ ಫೋನಿಗೆ ಉತ್ತರಿಸಬೇಕು; ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಳೆಯ ಆದೇಶ ಬಂದಿರುತ್ತದೆ. ಎಷ್ಟೋ ಕಡೆ ಬೇಸಿಗೆಯಲ್ಲಿ ಮನೆಮನೆ ಸುತ್ತಿ ಮಕ್ಕಳನ್ನು ಸೇರಿಸುವ ಕೆಲಸ ಬೇರೆ. ಸಂಬಳದ ಮಾತು ಎತ್ತದಿರುವುದೇ ಲೇಸು. ಫೀಸಿನ ಕಿಟಕಿಯಲ್ಲಿ ಕುಳಿತು ಬೈಗುಳ ಕೇಳುವ ಗುಮಾಸ್ತರೂ, ಆಯಾಗಳೂ ಇದೇ ದೋಣಿಯಲ್ಲಿದ್ದಾರೆ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ ಹೊಸ ಆವೃತ್ತಿಯಲ್ಲಿ ಇಂಥ ಬಳಲಿಕೆಯನ್ನು ವಿವರಿಸಿತು. ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ ಅದರ ಲಕ್ಷಣಗಳು. ಮಕ್ಕಳೆಂದರೆ ಪ್ರಾಣ ಎನ್ನುತ್ತಿದ್ದ ಟೀಚರ್ ಸಿಡುಕತೊಡಗಿದರೆ, ಪಾಪನಿವೇದನೆಗೆ ಮುನ್ನ ಅವರ ವೇಳಾಪಟ್ಟಿಯನ್ನು ನೋಡಬೇಕು.

ಪ್ರವಾದಿ ಎಲೀಯನನ್ನು ನೆನೆಯಿರಿ. ಇನ್ನು ಸಾಕು, ಪ್ರಾಣ ತೆಗೆದುಕೋ ಎಂದು ದೇವರನ್ನೇ ಬೇಡಿ ಅವನು ಅಡವಿಯಲ್ಲಿ ಗಿಡದ ಕೆಳಗೆ ಮಲಗಿದ. ದೂತನು ಅವನನ್ನು ಗದರಿಸಲಿಲ್ಲ, ವಿಶ್ವಾಸ ಸಾಲದೆಂದು ಹೇಳಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದವನಿಗೆ ಇನ್ನೊಮ್ಮೆ ಊಟ. ದೇವರ ಮೆಲುದನಿ ಕೇಳಿಸಿದ್ದು ಆಮೇಲೆ, ಹೋರೇಬಿನ ಬೆಟ್ಟದಲ್ಲಿ. ನಾನಾದರೋ ರೊಟ್ಟಿಯನ್ನು ಬಿಟ್ಟು ನೇರ ಉಪದೇಶಕ್ಕೇ ಇಳಿದಿದ್ದೆ.

ಆಡಳಿತ ನಡೆಸುವವರಿಗೆ ವಿಮೋಚನಾಕಾಂಡದ 18ನೆಯ ಅಧ್ಯಾಯವಿದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ, ನೀನೂ ಬಳಲುವೆ, ಜನರೂ ಬಳಲುವರು, ಕೆಲಸವನ್ನು ಹಂಚು ಎಂದದ್ದು ಅವನ ಮಾವ. (ಮಾವನ ಮಾತು ಕೇಳಿದ ಅಳಿಯ ಎಂಬುದಕ್ಕೂ ಮೋಶೆ ಮಾದರಿ!) 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎನ್ನುವಾಗ ಪಾಠದ ಸಿದ್ಧತೆಯನ್ನೂ ಆ ಲೆಕ್ಕದೊಳಗೇ ಸೇರಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು, ನಿಜ. ಆದರೆ ನಮ್ಮ ಆತ್ಮಸಾಕ್ಷಿಯನ್ನು ಯಾರೂ ಹೊರಗಿಟ್ಟಿಲ್ಲ.

ಶಿಕ್ಷಕರೇ, ನಿಮ್ಮ ವಾರದ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಬರೆದು ಮುಖ್ಯೋಪಾಧ್ಯಾಯರ ಮುಂದಿಡಿ. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಕೂಡಿ ಹೋಗಿ. ಭಾನುವಾರ ನೋಟ್‌ಬುಕ್ಕಿನ ಚೀಲ ಮನೆಗೆ ತರಬೇಡಿ. ನಿದ್ದೆ ವಾರಗಟ್ಟಲೆ ಕೆಟ್ಟರೆ ವೈದ್ಯರನ್ನು ಕಾಣಿರಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡಬೇಕಾಗಿಲ್ಲ. ಮನೆಯವರೇ, ಟೀಚರಮ್ಮ ಸಂಜೆ ಬಂದಾಗ ಒಲೆಯ ಮೇಲಿನ ಚಹಾ ನೀವೇ ಇಟ್ಟಿರಿ.

ಆ ಶಿಕ್ಷಕಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ನಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪು ಸಂಜೆ ಆರಕ್ಕೆ ಮೌನವಾಗುತ್ತದೆ. ದಿನಕ್ಕೊಂದು ಅವಧಿ ನೋಟ್ಸ್ ತಿದ್ದಲು ಬಿಡುವಿದೆ. ಸಂಬಳದ ವಿಷಯ ಇನ್ನೂ ಸಮಿತಿಯ ಮುಂದಿದೆ. ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ.