ಒಳಗಿನ ಕಂಪ್ಯೂಟರಿಗೆ ತಂತಿ ಎಲ್ಲಿ?

ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿಗೆ ಕೂಗಳತೆಯಲ್ಲಿರುವ ಒಂದು ಪ್ರೆಸ್‌ನಿಂದ ಫೋನ್ ಬಂತು. ಹಳೇ ಕಂಪ್ಯೂಟರ್ ಆಗಲೋ ಈಗಲೋ ಅನ್ನುತ್ತಿತ್ತು. ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟಿನಲ್ಲಿ ಕಟ್ಟಿದ ಪುಸ್ತಕಗಳೆಲ್ಲ ಅಲ್ಲಿ ಮಾತ್ರ ಅಕ್ಷರ ಒಡೆಯದೆ ತೆರೆದುಕೊಳ್ಳುತ್ತಿದ್ದವು. ಹಾಗಾಗಿ ಎಕ್ಸ್‌ಪಿಯನ್ನು ಇಡಿಯಾಗಿ ವರ್ಚುವಲ್ ಮೆಷಿನ್ ಮಾಡಿ, ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್‌ನಲ್ಲಿ ಕೂರಿಸಿದೆ.

"ಅಲ್ಲಪ್ಪಾ, ಒಳಗಿರೋ ಕಂಪ್ಯೂಟರ್‌ಗೆ ತಂತಿ ಎಲ್ಲಿ ಸಿಕ್ಕಿಸ್ತೀಯ?" ಎಂದು ಕೇಳಿದರು ಯಜಮಾನರು. ಆ ಪ್ರಶ್ನೆಗೆ ನಾನು ಅಂದು ಸರಿಯಾಗಿ ಕಿವಿಗೊಡಲಿಲ್ಲ.

ಮೊದಲು ಅದರ ನೆಟ್‌ವರ್ಕನ್ನು ನ್ಯಾಟ್‌ನಲ್ಲೇ ಬಿಟ್ಟೆ. ಎಕ್ಸ್‌ಪಿಗೆ 10.0.2.15 ವಿಳಾಸ ಬಂತು, ಪ್ರಿಂಟೂ ಹೋಯಿತು. ಆದರೆ ಪ್ರೂಫ್ ನೋಡುವವರಿಗೆ ಅದರ ಫೋಲ್ಡರ್ ಕಾಣಲೇ ಇಲ್ಲ. ನ್ಯಾಟ್ ಅಂದರೆ ವಠಾರದ ಹಿಂದಿನ ಮನೆ ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಿಬರಬಹುದು, ಬೀದಿಯಲ್ಲಿದ್ದವರಿಗೆ ಕಾಣುವುದು ಮುಂದಿನ ಮನೆಯ ಬಾಗಿಲು ಮಾತ್ರ. ಬ್ರಿಡ್ಜ್ ಮಾಡಿದರೆ ಹಿಂದಿನ ಮನೆಗೂ ಬೀದಿಗೆ ಸ್ವಂತ ಬಾಗಿಲು ಸಿಗುತ್ತದೆ. ಆದರೆ ಯಾವ ಬೀದಿಗೆ?

ಹೊಸ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡು. ಒಂದು ಇಂಟರ್ನೆಟ್ ರೌಟರಿಗೆ, ಇನ್ನೊಂದು ಪ್ರಿಂಟರ್ ಮತ್ತು ಪ್ರೂಫ್ ಕಂಪ್ಯೂಟರುಗಳ ಸ್ವಿಚ್ಚಿಗೆ. ಬ್ರಿಡ್ಜ್‌ಗೆ ಕಾರ್ಡು ಆರಿಸುವ ಪಟ್ಟಿಯಲ್ಲಿ ಎರಡಕ್ಕೂ ಅದೇ ಉದ್ದನೆಯ ರಿಯಲ್‌ಟೆಕ್ ಹೆಸರು, ಒಂದರ ಬಾಲದಲ್ಲಿ ಮಾತ್ರ #2. ಮೊದಲನೆಯದನ್ನು ಆರಿಸಿದೆ. ತಕ್ಷಣ ವಿಳಾಸ ಬಂತು, ಸರಿಹೋಯಿತೆಂದು ಮನೆಗೆ ಹೊರಟೆ.

ರಾತ್ರಿ ಮತ್ತೆ ಫೋನ್. ಫೋಲ್ಡರೂ ಇಲ್ಲ, ಈಗ ಪ್ರಿಂಟೂ ಇಲ್ಲ. ಬೆಳಿಗ್ಗೆ ಪ್ಲೇಟಿಗೆ ಕೊಡಬೇಕಾದ ಫಾರಂ ಹಾಗೇ ನಿಂತಿತ್ತು. ನನ್ನ ನಿದ್ದೆಗೆಡಿಸಿದ್ದು ಇನ್ನೊಂದು ಸಂಗತಿ. 2014ರ ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟ್ ಕೈಬಿಟ್ಟ ಎಕ್ಸ್‌ಪಿಯನ್ನು ನಾನು ಇಂಟರ್ನೆಟ್ ಕಡೆಯ ಬೀದಿಯಲ್ಲಿ ನಿಲ್ಲಿಸಿ ಬಂದಿದ್ದೆ.

ಬೆಳಕು ಹರಿಯುವ ಹೊತ್ತಿಗೆ ಪ್ರೆಸ್ಸಿನಲ್ಲಿದ್ದೆ. ಪರದೆ ಬಿಟ್ಟು ಕಂಪ್ಯೂಟರಿನ ಬೆನ್ನಿಗೆ ಹೋಗಿ ಸ್ವಿಚ್ಚಿನ ಕೇಬಲ್ ಕಿತ್ತೆ. ಕೆಂಪು ಇಂಟು ಗುರುತು ಬಿದ್ದದ್ದು #2 ಮೇಲೆ. ಬ್ರಿಡ್ಜನ್ನು ಅದಕ್ಕೆ ಬದಲಿಸಿ ಕೇಬಲ್ ಸಿಕ್ಕಿಸಿದರೆ 169.254ರಿಂದ ಶುರುವಾಗುವ ವಿಳಾಸ ಬಂತು. ಆ ಕಡೆ ವಿಳಾಸ ಹಂಚುವ ರೌಟರೇ ಇಲ್ಲವಲ್ಲ! ಉಳಿದ ಕಂಪ್ಯೂಟರುಗಳ ಸಾಲಿಗೆ ಹೊಂದುವಂತೆ 192.168.10.20 ಎಂದು ಕೈಯಾರೆ ಕೊಟ್ಟೆ. ಪಕ್ಕದ ಕೋಣೆಯಿಂದ "ಬಂತು ಸಾರ್, ಫೋಲ್ಡರ್ ಬಂತು" ಎಂಬ ಕೂಗು ಕೇಳಿಸಿತು.

ಯಜಮಾನರು ಕಟಿಂಗ್ ಮೆಷಿನ್ ಕೆಳಗೆ ಬಿದ್ದಿದ್ದ ಎರಡು ಕಾಗದದ ಪಟ್ಟಿ ಎತ್ತಿಕೊಟ್ಟರು. ಒಂದರ ಮೇಲೆ 'ರೌಟರ್', ಇನ್ನೊಂದರ ಮೇಲೆ 'ಪ್ರೆಸ್' ಎಂದು ಬರೆದು, ಕೆಳಗೆ ಆಯಾ ಕಾರ್ಡಿನ ಮ್ಯಾಕ್ ವಿಳಾಸದ ಕೊನೆಯ ನಾಲ್ಕು ಅಕ್ಷರ ಸೇರಿಸಿ, ಕೇಬಲ್ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಅಂಟಿಸಿದೆ.