ಮೊಬೈಲ್ ಬಿಸಿ ಆಗೂದು ಬ್ರೌಸರಿನಿಂದಲೋ, ಬಿಸಿಲಿನಿಂದಲೋ?

ಹೋಳಿ ಹುಣ್ಣಿಮೆ ದಾಟಿತೆಂದರೆ ನಮ್ಮ ಭಾಗದ ಶಿಕ್ಷಕರ ನಡುವೆ ಒಂದು ಪ್ರಶ್ನೆ ಸುತ್ತಾಡತೊಡಗುತ್ತದೆ: "ಸರ್, ಯಾವ ಬ್ರೌಸರ್ ಹಾಕಿದ್ರ ಮೊಬೈಲ್ ಬಿಸಿ ಆಗೂದಿಲ್ಲ?" ಒಬ್ಬರು ಕ್ರೋಮ್ ತೆಗೀರಿ ಅನ್ನುತ್ತಾರೆ. ಇನ್ನೊಬ್ಬರು ಫೈರ್‌ಫಾಕ್ಸ್ ಹಾಕಿದ ಮೇಲೆ ತಂಪಾಯಿತು ಅನ್ನುತ್ತಾರೆ. ಮೂರನೆಯವರು ಎಲ್ಲಾ ಒಂದೇ ಬಿಡ್ರಿ ಅನ್ನುತ್ತಾರೆ. ಹರಟೆಗೆ ಬಿಟ್ಟುಬಿಡುವ ಪ್ರಶ್ನೆ ಇದಲ್ಲ. ಯುಡೈಸ್ ಪ್ಲಸ್ ಮಾಹಿತಿ ತುಂಬುವುದು, ಬಾಲಭಾರತಿಯ ಕನ್ನಡ ಪುಸ್ತಕದ ಪಿಡಿಎಫ್ ತೆರೆಯುವುದು, ದೀಕ್ಷಾದ ವಿಡಿಯೋ ತೋರಿಸುವುದು ಎಲ್ಲವೂ ಗುರುಗಳ ಕಿಸೆಯಲ್ಲಿರುವ ಒಂದೇ ಫೋನಿನ ಮೇಲೆ ನಡೆಯುತ್ತದೆ. ಪಾಠದ ನಡುವೆ ಪರದೆ ತಾನೇ ಮಬ್ಬಾಗಿ, ವಿಡಿಯೋ ತಡವರಿಸತೊಡಗಿದರೆ ಆ ತಾಸು ಹೋಯಿತು. ಬಿಸಿಗೆ ಬ್ಯಾಟರಿಯ ಆಯುಷ್ಯವೂ ಕಡಿಮೆಯಾಗುತ್ತದೆ. ಮನೆಗೆ ಒಂದೇ ಫೋನು ಇರುವ ನಮ್ಮ ಮಕ್ಕಳ ತಂದೆ-ತಾಯಿಗೆ ಇದು ಇನ್ನೂ ದೊಡ್ಡ ಹೊರೆ.

ಆದ್ದರಿಂದ ಅಭಿಪ್ರಾಯ ಬದಿಗಿಟ್ಟು ಲೆಕ್ಕ ಹಾಕೋಣ. ಲೆಕ್ಕ ಕಠಿಣವಲ್ಲ. ಎಂಟನೆಯ ಮತ್ತು ಹತ್ತನೆಯ ತರಗತಿಯ ಉಷ್ಣದ ಪಾಠ, ಹತ್ತನೆಯ ತರಗತಿಯ ವಿದ್ಯುತ್ ಪಾಠ ಗೊತ್ತಿದ್ದರೆ ಸಾಕು. ಸ್ಥಳ ಬೋರಾಮಣಿ ಅಂತ ಇಟ್ಟುಕೊಳ್ರಿ. ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದರೆ ಸಿಗುವ ಊರು, ಸುತ್ತ ಹುಲ್ಲುಗಾವಲಿನ ಬಯಲು, ನೆರಳು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಯಾರಿಗೂ ಹೊಸತಲ್ಲ.

ಮೊದಲು ಫೋನಿನೊಳಗೆ ಎಷ್ಟು ಉಷ್ಣ ಹುಟ್ಟುತ್ತದೆ ನೋಡೋಣ. ಈಗಿನ ಸಾಮಾನ್ಯ ಫೋನಿನ ಬ್ಯಾಟರಿ 5000 ಮಿಲಿ ಆಂಪಿಯರ್ ಅವರ್, ಅಂದರೆ 5 ಆಂಪಿಯರ್ ಅವರ್. ಅದರ ಸರಾಸರಿ ವಿಭವಾಂತರ ಸುಮಾರು 3.85 ವೋಲ್ಟ್. ಎರಡನ್ನೂ ಗುಣಿಸಿದರೆ 19 ವ್ಯಾಟ್ ಅವರ್‌ಗಿಂತ ಸ್ವಲ್ಪ ಹೆಚ್ಚು. ಜೋರಾಗಿ ಬಳಸಿದಾಗ ಈ ಬ್ಯಾಟರಿ ಐದು ತಾಸಿನಲ್ಲಿ ಖಾಲಿ ಆಯಿತು ಅನ್ನೋಣ. ಆಗ ಫೋನು ಪ್ರತಿ ಸೆಕೆಂಡಿಗೆ ಸುಮಾರು 4 ಜೂಲ್, ಅಂದರೆ 4 ವ್ಯಾಟ್ ಉಣ್ಣುತ್ತಿದೆ. ಪರದೆಯಿಂದ ಬೆಳಕಾಗಿ, ಆಂಟೆನಾದಿಂದ ತರಂಗವಾಗಿ ಹೊರಹೋಗುವ ಸಣ್ಣ ಪಾಲು ಬಿಟ್ಟರೆ ಉಳಿದದ್ದೆಲ್ಲಾ ಕೊನೆಗೆ ಉಷ್ಣವೇ. ವಿದ್ಯಾರ್ಥಿಗಳಿಗೆ ಇದು ಆಶ್ಚರ್ಯ ತರುವ ಮಾತು. ಫ್ಯಾನ್ ಗಾಳಿ ಕೊಡುತ್ತದೆ, ಗಿರಣಿ ಹಿಟ್ಟು ಕೊಡುತ್ತದೆ. ಫೋನು ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಆದರೆ ಅದಕ್ಕೆ ಉಂಡ ಶಕ್ತಿಯಷ್ಟನ್ನೂ ಬಿಸಿಯಾಗಿ ಕಕ್ಕುತ್ತದೆ.

ಆ 4 ವ್ಯಾಟ್ ಒಳಗೇ ಕೂತರೆ ಏನಾದೀತು? ಫೋನಿನ ತೂಕ 200 ಗ್ರಾಂ, ಅದರ ಸರಾಸರಿ ವಿಶಿಷ್ಟ ಉಷ್ಣ ಗ್ರಾಮಿಗೆ 0.85 ಜೂಲ್ ಎಂದು ಇಟ್ಟುಕೊಂಡರೆ, ಒಂದು ಡಿಗ್ರಿ ಏರಲು 170 ಜೂಲ್ ಬೇಕು. ಒಂದು ನಿಮಿಷಕ್ಕೆ ಹುಟ್ಟುವುದು 240 ಜೂಲ್. ಅಂದರೆ ನಿಮಿಷಕ್ಕೆ ಸುಮಾರು 1.4 ಡಿಗ್ರಿ, ಹತ್ತು ನಿಮಿಷಕ್ಕೆ 14 ಡಿಗ್ರಿ! ಹಾಗೆ ಆಗುವುದಿಲ್ಲ, ಯಾಕಂದ್ರ ಬಿಸಿಯಾದಂತೆ ಮೈಯಿಂದ ಉಷ್ಣ ಹೊರಗೂ ಹೋಗುತ್ತಿರುತ್ತದೆ.

ನಮ್ಮ ಪ್ರಶ್ನೆಯ ಗಂಟು ಇರುವುದು ಈ ಹೊರಹೋಗುವ ಉಷ್ಣದಲ್ಲಿ. ಫೋನು ಎಷ್ಟು ಬಿಸಿ ಇದೆ ಎನ್ನುವುದರಿಂದ ಅದು ನಿರ್ಧಾರವಾಗುವುದಿಲ್ಲ. ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿ ಇದೆ ಎನ್ನುವುದರಿಂದ ಆಗುತ್ತದೆ. ನ್ಯೂಟನ್ನನ ಶೀತಲೀಕರಣ ನಿಯಮ ಹೇಳುವುದು ಇದನ್ನೇ. ಗಾಳಿ ಆಡದ ಕೋಣೆಯಲ್ಲಿ ಒಂದು ಚದರ ಮೀಟರ್ ಮೇಲ್ಮೈಯಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಹೊರಹೋಗುತ್ತದೆ ಎಂದು ಅಂದಾಜಿಗೆ ಹಿಡಿಯಬಹುದು. ಫೋನಿನ ಮುಂದೆ ಹಿಂದೆ ಎರಡೂ ಮೈ ಸೇರಿ 240 ಚದರ ಸೆಂಟಿಮೀಟರ್, ಅಂದರೆ 0.024 ಚದರ ಮೀಟರ್. ಹಾಗಾಗಿ ಪ್ರತಿ ಡಿಗ್ರಿಗೆ 0.24 ವ್ಯಾಟ್. ಹುಟ್ಟುವ 4 ವ್ಯಾಟೂ ಹೊರಬೀಳಬೇಕಾದರೆ ಫೋನಿನ ಮೈ ಗಾಳಿಗಿಂತ 16-17 ಡಿಗ್ರಿ ಮೇಲಿರಬೇಕು.

ಈಗ ತಿಂಗಳು ಬದಲಿಸಿ ನೋಡ್ರಿ. ಡಿಸೆಂಬರ್‌ನಲ್ಲಿ ಕೋಣೆ 25 ಡಿಗ್ರಿ ಇದ್ದರೆ ಫೋನು 42ರ ಹತ್ತಿರ ನಿಲ್ಲುತ್ತದೆ. ಕೈಗೆ ಬಿಸಿ ಅನ್ನಿಸುತ್ತದೆ, ಕೆಲಸ ನಡೆಯುತ್ತದೆ. ಮೇ ತಿಂಗಳಲ್ಲಿ ಪತ್ರಾಸಿನ ಕೆಳಗೆ ಕೋಣೆ 40 ಡಿಗ್ರಿ ಇದ್ದರೆ ಅದೇ ಫೋನು, ಅದೇ ಬ್ರೌಸರ್, ಅದೇ ಪುಟ 57ಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯ ತನಕ ಹೋಗಲು ಫೋನು ತಾನೇ ಬಿಡುವುದಿಲ್ಲ. ಒಳಗಿನ ಉಷ್ಣತಾ ಸಂವೇದಕ ಎಚ್ಚರಿಸಿದ ಕೂಡಲೇ ಪ್ರೊಸೆಸರಿನ ವೇಗ ಇಳಿಯುತ್ತದೆ, ಪರದೆಯ ಬೆಳಕು ಕಡಿಮೆಯಾಗುತ್ತದೆ, ಚಾರ್ಜಿಂಗ್ ನಿಧಾನವಾಗುತ್ತದೆ ಇಲ್ಲವೆ ನಿಲ್ಲುತ್ತದೆ. ಆಪಲ್ ಕಂಪನಿ ತನ್ನ ಐಫೋನನ್ನು ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಇರುವಲ್ಲಿ ಬಳಸಬೇಕೆಂದು ಹೇಳುತ್ತದೆ. ನಮ್ಮ ಬ್ಯಾಸಗಿ ಮಧ್ಯಾಹ್ನ ಆ ಮಿತಿಯ ಹೊರಗೇ ಇರುತ್ತದೆ.

ಬ್ರೌಸರಿನ ಮೇಲೆ ಬರುವ ಅಪವಾದದ ಒಂದು ಕಾರಣ ಇಲ್ಲಿ ಸಿಗುತ್ತದೆ. ಫೋನು ಬಿಸಿಯಾಗಿ ವೇಗ ಇಳಿಸಿದಾಗ ಪುಟ ತೆರೆಯುವುದು ತಡವಾಗುತ್ತದೆ. ಕಣ್ಣೆದುರು ಇರುವುದು ಬ್ರೌಸರ್, ಹಾಗಾಗಿ ಬೈಗುಳ ಅದಕ್ಕೆ. ಬೇರೆ ಬ್ರೌಸರ್ ಹಾಕುವಾಗ ಹಳೆಯದರಲ್ಲಿ ತೆರೆದಿಟ್ಟ ನಲವತ್ತು ಟ್ಯಾಬ್ ಮುಚ್ಚಿರುತ್ತೇವೆ, ಅಷ್ಟರಲ್ಲಿ ಸಂಜೆಯೂ ಆಗಿರುತ್ತದೆ. ತಂಪಾಯಿತು! ಆದರೆ ಯಾವುದರಿಂದ?

ಬಿಸಿಲಿನ ಲೆಕ್ಕವನ್ನೂ ಮುಗಿಸಿಬಿಡೋಣ. ನಡು ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸೂರ್ಯಶಕ್ತಿ ಬೀಳುತ್ತದೆ. ಫೋನಿನ ಒಂದು ಮೈ 0.012 ಚದರ ಮೀಟರ್, ಹಾಗಾಗಿ ಅದರ ಮೇಲೆ ಬೀಳುವುದು 12 ವ್ಯಾಟ್. ಕಪ್ಪು ಗಾಜು ಅದರಲ್ಲಿ ಬಹುಪಾಲು ಹೀರಿಕೊಳ್ಳುತ್ತದೆ. 10 ವ್ಯಾಟ್ ಅನ್ನೋಣ. ಫೋನು ತಾನು ಹುಟ್ಟಿಸುವುದಕ್ಕಿಂತ ಎರಡೂವರೆ ಪಟ್ಟು! ಬೈಕಿನ ಹ್ಯಾಂಡಲ್ ಮೇಲೆ ನಕ್ಷೆ ಹಾಕಿಕೊಂಡು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವವರು, ಜೀಪಿನ ಗಾಜಿನ ಹಿಂದೆ ಫೋನು ಇಟ್ಟು ಚಹಾಕ್ಕೆ ಇಳಿಯುವವರು ಈ ಅಂಕಿಯನ್ನು ನೆನಪಿಡಬೇಕು. ಬೈಕಿನ ಮೇಲೆ ಗಾಳಿಯಾದರೂ ಬೀಸುತ್ತದೆ, ಮುಚ್ಚಿದ ಗಾಡಿಯಲ್ಲಿ ಅದೂ ಇಲ್ಲ.

ಸರಿ, ಬ್ರೌಸರ್ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಅದರ ಹೆಸರಿಗಿಂತ ಅದು ಮಾಡುವ ಕೆಲಸ ನೋಡಬೇಕು.

ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ಸ್ಯಾಮ್‌ಸಂಗ್ ಇಂಟರ್‌ನೆಟ್ ಎಂದು ಐದು ಹೆಸರು ಕಂಡರೂ ಪುಟವನ್ನು ಓದಿ ಬಿಡಿಸುವ ಒಳಗಿನ ಎಂಜಿನ್ ಐದಕ್ಕೂ ಒಂದೇ, ಕ್ರೋಮಿಯಂ ಯೋಜನೆಯದು. ಫೈರ್‌ಫಾಕ್ಸ್‌ನ ಎಂಜಿನ್ ಬೇರೆ, ಅದರ ಹೆಸರು ಗೆಕೋ. ನಮ್ಮ ದೇಶದಲ್ಲಿ ಐಫೋನಿನ ಮೇಲೆ ಯಾವ ಬ್ರೌಸರ್ ಹಾಕಿದರೂ ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್. ಬಣ್ಣ ಬೇರೆ, ಎಂಜಿನ್ ಒಂದೇ ಇರುವ ಗಾಡಿಗಳಿದ್ದಂತೆ. ಒಂದೇ ಪುಟವನ್ನು ಅವೆಲ್ಲಾ ಹೆಚ್ಚುಕಡಿಮೆ ಒಂದೇ ಶ್ರಮದಲ್ಲಿ ತೆರೆಯುತ್ತವೆ.

ವ್ಯತ್ಯಾಸ ಬರುವುದು ಪುಟದ ಜೊತೆಗೆ ಬರುವ ಸಾಮಾನಿನಲ್ಲಿ. ಸುದ್ದಿಯ ಪುಟವೊಂದನ್ನು ತೆರೆದಾಗ ನಮಗೆ ಬೇಕಾದ ಸುದ್ದಿ ನಾಲ್ಕು ಪ್ಯಾರಾ ಅಷ್ಟೇ. ಅದರ ಸುತ್ತ ಜಾಹೀರಾತು, ತಾನೇ ಓಡುವ ವಿಡಿಯೋ, ನಾವು ಎಲ್ಲಿ ಬೆರಳಿಟ್ಟೆವೆಂದು ಕಾಯುವ ಜಾವಾಸ್ಕ್ರಿಪ್ಟ್. ಅವೆಲ್ಲಾ ಪ್ರೊಸೆಸರನ್ನು ಮಲಗಲು ಬಿಡುವುದಿಲ್ಲ, ಮೋಡೆಮ್ಮನ್ನೂ ಬಿಡುವುದಿಲ್ಲ. ಬ್ರೇವ್ ಜಾಹೀರಾತನ್ನು ತಾನೇ ತಡೆಯುತ್ತದೆ. ಫೈರ್‌ಫಾಕ್ಸ್‌ಗೆ ಆಂಡ್ರಾಯ್ಡ್‌ನಲ್ಲೂ ಯುಬ್ಲಾಕ್ ಒರಿಜಿನ್‌ನಂಥ ತಡೆಗಾರನನ್ನು ಜೋಡಿಸಬಹುದು. ಹೀಗೆ ತಡೆದಾಗ ಕೆಲಸ ಕಡಿಮೆಯಾಗುತ್ತದೆ, ಉಷ್ಣವೂ ಕಡಿಮೆಯಾಗುತ್ತದೆ. ಜಾಹೀರಾತೇ ಇಲ್ಲದ ಸರಳ ಪುಟದಲ್ಲಿ ಇದರಿಂದ ಲಾಭವಿಲ್ಲ. ಬಾಲಭಾರತಿಯ ಪಿಡಿಎಫನ್ನಂತೂ ಒಮ್ಮೆ ಇಳಿಸಿಕೊಂಡು ನೆಟ್ ಬಂದ್ ಮಾಡಿ ಓದಿದರೆ ಬ್ರೌಸರಿನ ಪ್ರಶ್ನೆಯೇ ಏಳುವುದಿಲ್ಲ.

ವಿಡಿಯೋದ ಮಾತು ಸ್ವಲ್ಪ ಬೇರೆ. ಫೋನಿನ ಚಿಪ್‌ನಲ್ಲಿ ವಿಡಿಯೋ ಬಿಡಿಸಲೆಂದೇ ಒಂದು ಪ್ರತ್ಯೇಕ ಭಾಗ ಇರುತ್ತದೆ, ಅದು ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಸುತ್ತದೆ. ಬಂದ ವಿಡಿಯೋ ಆ ಭಾಗಕ್ಕೆ ತಿಳಿಯದ ಬಗೆಯದಾಗಿದ್ದರೆ ಮುಖ್ಯ ಪ್ರೊಸೆಸರೇ ಕೂತು ಬಿಡಿಸಬೇಕು, ಫೋನು ಕಾಯುತ್ತದೆ. 2018ರಲ್ಲಿ ಬಂದ ಎವಿ1 ಎಂಬ ಬಗೆ ಹಳೆಯ ಮತ್ತು ಅಗ್ಗದ ಫೋನುಗಳಿಗೆ ಹೀಗೆ ಭಾರವಾಗುತ್ತದೆ. ಗುಣಮಟ್ಟವನ್ನು 480ಕ್ಕೆ ಇಳಿಸಿದರೆ ಎರಡೂ ಸಂದರ್ಭದಲ್ಲಿ ಶ್ರಮ ಕಡಿಮೆ. ಅಷ್ಟು ಸಣ್ಣ ಪರದೆಯ ಮೇಲೆ ಅದಕ್ಕಿಂತ ಹೆಚ್ಚು ಯಾಕ ಬೇಕ್ರಿ?

ಹೀಗೆಲ್ಲಾ ಮಾಡಿ ಅರ್ಧ ವ್ಯಾಟ್ ಉಳಿಸಿದೆವು ಅನ್ನೋಣ. ಮೇಲಿನ ಲೆಕ್ಕಕ್ಕೆ ಹಾಕಿದರೆ 0.5ನ್ನು 0.24ರಿಂದ ಭಾಗಿಸಿ, ಸುಮಾರು 2 ಡಿಗ್ರಿ. ನೇರ ಬಿಸಿಲು ತುಂಬುವ 10 ವ್ಯಾಟ್ ಇದರ ಇಪ್ಪತ್ತು ಪಟ್ಟು. ಹಾಸಿಗೆಯ ಮೇಲೆ ಫೋನು ಮಲಗಿಸಿದರೆ ಒಂದು ಮೈ ಮುಚ್ಚಿಹೋಗಿ 16 ಡಿಗ್ರಿಯ ವ್ಯತ್ಯಾಸ 32ರ ಕಡೆ ಹೊರಡುತ್ತದೆ. ಚಾರ್ಜ್ ಮಾಡುತ್ತಾ ಬಳಸಿದರೆ, 18 ವ್ಯಾಟಿನ ಚಾರ್ಜರಿನಿಂದ ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ನಷ್ಟವಾದರೂ ಸುಮಾರು 2 ವ್ಯಾಟ್ ಸೇರಿತು. ಹಾಗಂತ ಆ 2 ಡಿಗ್ರಿಯನ್ನು ಕಡೆಗಣಿಸಬೇಕೆಂದು ನಾನು ಹೇಳುವುದಿಲ್ಲ. ಡಿಸೆಂಬರಿನಲ್ಲಿ ಅದು ಲೆಕ್ಕಕ್ಕಿಲ್ಲ. ಮೇ ತಿಂಗಳಲ್ಲಿ ಫೋನು ವೇಗ ಇಳಿಸುವ ಗೆರೆಯ ಅಂಚಿನಲ್ಲೇ ನಿಂತಿರುತ್ತದೆ, ಆಗ ವಿಡಿಯೋ ಪೂರ್ತಿ ಓಡುತ್ತದೋ ತಡವರಿಸುತ್ತದೋ ಎಂಬುದನ್ನು ಆ 2 ಡಿಗ್ರಿಯೇ ತೀರ್ಮಾನಿಸಬಹುದು.

ಸಾಫ್ಟ್‌ವೇರ್‌ನಿಂದಲೇ ಫೋನು ಬಿಸಿಯಾದ ನಿಜವಾದ ಪ್ರಕರಣವೂ ಇದೆ. 2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ಪ್ರೊ ಮಾರಾಟಕ್ಕೆ ಬಂದಾಗ ಬಹಳ ಬಿಸಿಯಾಗುತ್ತದೆ ಎಂಬ ದೂರು ಎದ್ದಿತು. ಕಂಪನಿ ತನ್ನ ಐಒಎಸ್ 17ರಲ್ಲಿ ಒಂದು ದೋಷವಿದೆ, ಇನ್‌ಸ್ಟಾಗ್ರಾಂ, ಊಬರ್‌ನಂಥ ಕೆಲವು ಆ್ಯಪ್‌ಗಳೂ ಪ್ರೊಸೆಸರಿನ ಮೇಲೆ ಅತಿಭಾರ ಹಾಕುತ್ತಿವೆ ಎಂದಿತು. ಅಕ್ಟೋಬರ್ 4ರಂದು 17.0.3 ಆವೃತ್ತಿ ಬಿಟ್ಟು ಸರಿಪಡಿಸಿತು. ಯಂತ್ರ ಬದಲಾಗಲಿಲ್ಲ, ಬದಲಾದದ್ದು ಸೂಚನೆ ಮಾತ್ರ. ಬ್ರೌಸರನ್ನೂ ಫೋನನ್ನೂ ಅಪ್‌ಡೇಟ್ ಮಾಡಿಕೊಳ್ರಿ ಎಂದು ಹೇಳುವುದು ಇದಕ್ಕೇ.

ಹಾಗಾದರೆ ಯಾವ ಬ್ರೌಸರ್ ಉತ್ತಮ ಎಂದು ಕಂಪನಿಗಳೇ ಹೇಳಿದ ಪರೀಕ್ಷೆ ಇದೆಯಲ್ಲ ಎಂದು ಕೇಳಬಹುದು. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನಾಲ್ಕು ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ಬ್ರೌಸರ್ ಓಡಿಸಿ, ತನ್ನ ಎಡ್ಜ್ ಇದ್ದದ್ದರ ಬ್ಯಾಟರಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಬಂತೆಂದೂ ಕ್ರೋಮ್ ಇದ್ದದ್ದು ಮೊದಲು ಆರಿತೆಂದೂ ವಿಡಿಯೋ ಬಿಟ್ಟಿತು. ಕೆಲವೇ ದಿನದಲ್ಲಿ ಒಪೆರಾ ಕಂಪನಿ ತನ್ನದೇ ಪರೀಕ್ಷೆ ಮಾಡಿತು, ಅದರಲ್ಲಿ ಗೆದ್ದದ್ದು ಒಪೆರಾ! 2020ರ ಜನವರಿಯಲ್ಲಿ ಎಡ್ಜ್ ಕೂಡ ಕ್ರೋಮಿಯಂ ಎಂಜಿನ್ನಿಗೇ ಬಂತು. ಎರಡು ಕಂಪನಿಯೂ ಸುಳ್ಳು ಹೇಳಿದವು ಅಂತಲ್ಲ. ಯಾವ ಪುಟ, ಯಾವ ಸೆಟ್ಟಿಂಗ್ ಆರಿಸಿಕೊಂಡರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ನಮ್ಮ ಫೋನಿನ ಪರೀಕ್ಷೆ ನಮ್ಮ ಶಾಲೆಯಲ್ಲೇ ಆಗಬೇಕು.

ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಮಾಡಬಹುದಾದ ಪ್ರಯೋಗ ಹೀಗೆ. ಪ್ರಯೋಗಶಾಲೆಯ ತಾಪಮಾಪಕ ಒಂದು, ಹತ್ತಿ, ಅಂಟುಪಟ್ಟಿ, ಗಡಿಯಾರ. ಫೋನಿನ ಕವರ್ ತೆಗೆದು, ಹಿಂಬದಿಯಲ್ಲಿ ಕ್ಯಾಮೆರಾದ ಕೆಳಗೆ ಹೆಚ್ಚು ಬಿಸಿಯಾಗುವ ಜಾಗಕ್ಕೆ ತಾಪಮಾಪಕದ ಬುರುಡೆ ತಾಗಿಸಿ, ಮೇಲೆ ಹತ್ತಿ ಇಟ್ಟು ಅಂಟಿಸ್ರಿ. ಮೊದಲು ಕೋಣೆಯ ಉಷ್ಣತೆ ಬರೆದುಕೊಳ್ರಿ. ಫೋನು ಕೋಣೆಯಷ್ಟೇ ತಂಪಿರಬೇಕು, ಚಾರ್ಜಿಗೆ ಹಚ್ಚಿರಬಾರದು, ಪರದೆಯ ಬೆಳಕು ಸ್ವಯಂಚಾಲಿತ ಇರದೆ ಅರ್ಧಕ್ಕೆ ನಿಂತಿರಬೇಕು, ಉಳಿದ ಆ್ಯಪ್ ಎಲ್ಲಾ ಬಂದ್. ಒಂದು ಬ್ರೌಸರಿನಲ್ಲಿ ಒಂದೇ ಪುಟವನ್ನು 20 ನಿಮಿಷ ನಿಗದಿತ ವೇಗದಲ್ಲಿ ಸರಿಸುತ್ತಾ ಹೋಗಿ, ಎರಡು ನಿಮಿಷಕ್ಕೊಮ್ಮೆ ಉಷ್ಣತೆ ಬರೀರಿ. ಫೋನು ಮತ್ತೆ ಕೋಣೆಯ ಉಷ್ಣತೆಗೆ ಬರುವ ತನಕ ಕಾದು ಎರಡನೆಯ ಬ್ರೌಸರ್. ಆಮೇಲೆ ಇನ್ನೊಮ್ಮೆ ಎರಡನೆಯದು, ಕೊನೆಗೆ ಮೊದಲನೆಯದು. ಈ ತಿರುಗುಮುರುಗು ಯಾಕಂದ್ರ, ಹೊತ್ತು ಏರಿದಂತೆ ಕೋಣೆಯೇ ಬಿಸಿಯಾಗುತ್ತದೆ, ಎರಡನೆಯ ಸರದಿಗೆ ಅನ್ಯಾಯವಾಗಬಾರದು. ತಾಪಮಾಪಕ ಓದುವ ಹುಡುಗಿಗೆ ಯಾವ ಬ್ರೌಸರ್ ಓಡುತ್ತಿದೆ ಎಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಅರ್ಧ ಡಿಗ್ರಿ ಆಚೀಚೆ ಓದುತ್ತದೆ.

ಪ್ರಯೋಗವನ್ನು ಎರಡು ಬಗೆಯ ಪುಟದ ಮೇಲೆ ಮಾಡ್ರಿ: ಜಾಹೀರಾತು ತುಂಬಿದ ಸುದ್ದಿಪುಟ ಒಂದು, ಬರೀ ಅಕ್ಷರವಿರುವ ಪುಟ ಇನ್ನೊಂದು. ಮೊದಲನೆಯದರಲ್ಲಿ ತಡೆಗಾರ ಇರುವ ಬ್ರೌಸರ್ ಸ್ವಲ್ಪ ತಂಪಾಗಿರುತ್ತದೆ, ಎರಡನೆಯದರಲ್ಲಿ ವ್ಯತ್ಯಾಸ ಕಾಣುವುದಿಲ್ಲ ಎಂಬುದು ನನ್ನ ಅಂದಾಜು. ಅಂದಾಜು ತಪ್ಪೆಂದು ತೋರಿಸುವ ಶಾಲೆ ಸಿಕ್ಕರೆ ಇನ್ನೂ ಒಳ್ಳೇದು.

ಒಂದೆರಡು ಎಚ್ಚರಿಕೆ. ಕಾದ ಫೋನನ್ನು ಫ್ರಿಜ್ಜಿನಲ್ಲಿ ಇಡಬ್ಯಾಡ್ರಿ, ಒದ್ದೆ ಬಟ್ಟೆ ಸುತ್ತಬ್ಯಾಡ್ರಿ. ಒಳಗೆ ತೇವ ಕೂತರೆ ಬಿಸಿಗಿಂತ ದೊಡ್ಡ ಹಾನಿ. ನೆರಳಿನಲ್ಲಿಟ್ಟು ಫ್ಯಾನ್ ಹಚ್ಚಿದರೆ ಸಾಕು. ಕೆಲಸವಿಲ್ಲದೆ ಸುಮ್ಮನೆ ಇಟ್ಟ ಫೋನು ಬಿಸಿಯಾಗುತ್ತಿದ್ದರೆ, ಹಿಂಬದಿ ಉಬ್ಬಿದ್ದರೆ, ಆಗ ಬ್ರೌಸರಿನ ಚರ್ಚೆ ಬಿಟ್ಟು ಫೋನು ಬಂದ್ ಮಾಡಿ ಮಕ್ಕಳಿಂದ ದೂರ ಇಡ್ರಿ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹತ್ತಿದ್ದು ಬ್ಯಾಟರಿಯ ರಚನೆಯ ದೋಷದಿಂದ. ಅಂಥಾದ್ದನ್ನು ಯಾವ ಬ್ರೌಸರೂ ತಡೆಯದು.

ಪ್ರಯೋಗ ಮಾಡಿದವರು ಅಂಕಿಗಳನ್ನು ಈ ಪತ್ರಿಕೆಗೆ ಕಳಿಸ್ರಿ. ಫೋನಿನ ಮಾದರಿ, ಬ್ರೌಸರಿನ ಆವೃತ್ತಿ, ದಿನಾಂಕ, ಹೊತ್ತು ಇರಲಿ. ಕೋಣೆಯ ಉಷ್ಣತೆ ಬರೆಯದ ಅಂಕಿಯನ್ನು ಬೇರೆ ಶಾಲೆಯದರ ಜೊತೆ ಹೋಲಿಸಲು ಬರುವುದಿಲ್ಲ, ಅದನ್ನು ಮಾತ್ರ ಬಿಡಬ್ಯಾಡ್ರಿ.