ಸ್ಕೋರ್ ಎಷ್ಟಾಯಿತು ಅಂತ ಕೇಳಿದರೆ

ಮಗೂ, ಮನೆಯವರೆಲ್ಲ ಮ್ಯಾಚ್ ನೋಡಲು ಕೂತರೆ ನೀನೊಬ್ಬ ಎದ್ದು ಒಳಗೆ ಹೋಗುತ್ತೀಯಂತೆ, ಕ್ರಿಕೆಟ್ಟೂ ಬೇಡ ಕಬಡ್ಡಿಯೂ ಬೇಡವಂತೆ. ನಿನ್ನಮ್ಮನಿಗೆ ಅದೇ ಚಿಂತೆ. ಅದೇನು ಕಾಯಿಲೆಯಲ್ಲ ಎಂದು ಅವಳಿಗೆ ಹೇಳಿದ್ದೇನೆ. ಕೊನೆಯ ಓವರಿನ ತನಕ ಟಿವಿ ಬಿಟ್ಟೇಳದ ನಿನ್ನ ಈ ಮಾವನೇ ಹೇಳುತ್ತಿದ್ದೇನೆ, ನಂಬು: ನೋಡದಿದ್ದರೆ ನೀನು ಕಳೆದುಕೊಳ್ಳುವುದು ಅಂಥದ್ದೇನೂ ಇಲ್ಲ.

ಆದರೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೀಯ. ಐಪಿಎಲ್ ಶುರುವಾದರೆ ಅಲ್ಲಿ ಆಟೊದವರಿಂದ ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅದೇ. ಯಾರಾದರೂ ಮಾತೆತ್ತಿದರೆ ಗೊತ್ತಿರುವವನ ಹಾಗೆ ನಟಿಸಬೇಡ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ. ‘ನಾನು ನೋಡೊಲ್ಲ, ಏನಾಯ್ತು ನೀವೇ ಹೇಳಿ’ ಅಂದುಬಿಡು. ಹೇಳುವವರಿಗೆ ಅದಕ್ಕಿಂತ ಖುಷಿ ಇನ್ನೊಂದಿಲ್ಲ.

ಗೆಳೆಯರ ಜೊತೆ ಸೇರಿಕೊಳ್ಳಬೇಕೆಂದು ದುಡ್ಡು ಮಾತ್ರ ಕಟ್ಟಬೇಡ. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಮಾಡಿದೆ. ಕಾನೂನಿನ ಮಾತು ಹಾಗಿರಲಿ, ಆಟವೇ ಬೇಡದವನಿಗೆ ಬಾಜಿ ಯಾಕೆ? ಸಂಜೆ ಶಟಲ್ ಆಡಲು ಕರೆದರೆ ಹೋಗು. ನೋಡದವನು ಆಡಬಾರದೆಂದೇನಿಲ್ಲ.

ನನಗೆ ನಿಜವಾಗಿ ಭಯವಿರುವುದು ಇನ್ನೊಂದಕ್ಕೆ. ನೋಡದವರಿಗೆ ಬರಬರುತ್ತಾ ಒಂದು ಬಿಂಕ ಹುಟ್ಟುತ್ತದೆ. ‘ಹನ್ನೊಂದು ಜನ ಆಡ್ತಾರೆ, ಊರೆಲ್ಲ ಕುಣಿಯುತ್ತೆ’ ಎಂಬ ಒಣ ಮಾತು ನಿನ್ನ ಬಾಯಿಂದ ಬರದಿರಲಿ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಸಲ ಕಪ್ ಗೆದ್ದಿತು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅವರಲ್ಲಿ ನಿನ್ನ ವಯಸ್ಸಿನವರೂ ಇದ್ದರು. ‘ಯಾಕೆ ಹೋಗಬೇಕಿತ್ತು?’ ಎಂದು ಆಗ ಅನೇಕರು ಸಲೀಸಾಗಿ ಕೇಳಿದರು. ಸಂಭ್ರಮಪಡಲು ಹೋಗಿದ್ದರು, ಅಷ್ಟೇ. ಜಾತ್ರೆಗೆ ಹೋಗುವವರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ!

ನಿಮ್ಮ ದೊಡ್ಡಪ್ಪನನ್ನೇ ನೋಡು. 1974ರ ರಣಜಿ ಸೆಮಿಫೈನಲ್ ಅಂದರೆ ಅವರಿಗೆ ಈಗಲೂ ಕಣ್ಣು ಅರಳುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗ ಕೆಲವು ತಿಂಗಳಾಗಿತ್ತಷ್ಟೆ, ತಂಡವೂ ಹೊಸ ಹೆಸರಿನಲ್ಲಿ ಕಣಕ್ಕಿಳಿದಿತ್ತು. ಎದುರಿಗಿದ್ದದ್ದು ಸತತ ಹದಿನೈದು ವರ್ಷ ರಣಜಿ ಗೆದ್ದ ಬಾಂಬೆ. ಪಂದ್ಯ ಬೆಂಗಳೂರಿನಲ್ಲೇ. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು, ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಬಾಂಬೆ ಹೊರಬಿತ್ತು. ಆಮೇಲೆ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ನಾಯಕತ್ವದ ತಂಡ ಮೊದಲ ಸಲ ರಣಜಿ ಟ್ರೋಫಿ ತಂದಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ಹಾಗಾಗಿ ಇವರು ರೇಡಿಯೊಗೆ ಕಿವಿ ಹಚ್ಚಿ ಕೂತವರು. ಬೌಂಡರಿ ಲೆಕ್ಕಕ್ಕಿಂತ ಅವರ ನೆನಪಿನಲ್ಲಿ ಹೆಚ್ಚು ಉಳಿದಿರುವುದು ಯಾರ ಮನೆಯ ಜಗಲಿ, ಪಕ್ಕದಲ್ಲಿ ಯಾರಿದ್ದರು, ಶಾಲೆ ತಪ್ಪಿಸಿದ್ದಕ್ಕೆ ಯಾರಿಗೆಷ್ಟು ಏಟು ಬಿತ್ತು ಅನ್ನುವುದು. ಅದನ್ನು ಕೇಳಲು ನಿನಗೆ ಎಲ್‌ಬಿಡಬ್ಲ್ಯು ಅಂದರೇನೆಂದು ಗೊತ್ತಿರಬೇಕಾಗಿಲ್ಲ.

ಆಟ ನಿನಗೆ ಬೇಡ, ಸರಿ. ಅದನ್ನು ಹಚ್ಚಿಕೊಂಡವರು ನಿನ್ನವರೇ, ಅವರನ್ನು ದೂರ ಮಾಡಿಕೊಳ್ಳಬೇಡ. ಯುಗಾದಿಗೆ ಊರಿಗೆ ಬರುತ್ತೀಯಲ್ಲ, ಊಟವಾದ ಮೇಲೆ ದೊಡ್ಡಪ್ಪನ ಪಕ್ಕ ಕೂತು ಆ ಸೆಮಿಫೈನಲ್ ಬಗ್ಗೆ ಕೇಳು. ಅರ್ಧಕ್ಕೆ ನಿದ್ದೆ ಬಂದರೆ ಅಲ್ಲೇ ಒರಗು. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ನಿಲ್ಲಿಸುವುದೂ ಇಲ್ಲ.